ಟವೆಲ್ ಹಾಕದ ಸೀಟು

ನಮ್ಮ ಪಿ.ಟಿ. ಮೇಷ್ಟ್ರು ತೀರಿಕೊಂಡ ಮುಂದಿನ ವಾರ ಗುಂಡ್ಲುಪೇಟೆಯ ನಮ್ಮ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಹುಡುಗಿಯರ ರಗ್ಬಿ ಲೀಗ್ ನಡೆಸುವ ಸಮಿತಿಯ ಪದಾಧಿಕಾರಿಯೊಬ್ಬರು ಕಾರಿನಲ್ಲಿ ಬಂದಿದ್ದರು. ಮೈಕು ಹಿಡಿದು, ‘ಸೋಲನ್ನೇ ಅರಿಯದ ಸರದಾರ’ ಅಂದರು. ಕೊನೆಗೆ ಒಂದು ಘೋಷಣೆಯನ್ನೂ ಮಾಡಿದರು. ಮೇಷ್ಟ್ರ ನೆನಪಿಗಾಗಿ ಈ ಶಾಲೆಯ ತಂಡವನ್ನು ಬರುವ ವರ್ಷ ನೇರವಾಗಿ ಮೇಲಿನ ದರ್ಜೆಗೆ ಸೇರಿಸಿಕೊಳ್ಳುತ್ತಾರಂತೆ, ಅರ್ಹತಾ ಪಂದ್ಯ ಆಡಬೇಕಾಗಿಲ್ಲವಂತೆ. ಸಭೆಯಲ್ಲಿ ಜೋರು ಚಪ್ಪಾಳೆ ಬಿತ್ತು. ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡರು. ನಾನು ಮಾತ್ರ ಕೈ ಕಟ್ಟಿಕೊಂಡು ಕೂತೆ.

ಸೋಲರಿಯದವರಂತೆ! ಆ ಮನುಷ್ಯ ಸೋತಷ್ಟು ನಾನು ಬೇರೆ ಯಾರೂ ಸೋತಿದ್ದನ್ನು ಕಂಡಿಲ್ಲ. ಪ್ರತಿ ಸೋಲಿನಲ್ಲೂ ಪಕ್ಕದಲ್ಲೇ ಇದ್ದೆ. ಹುಡುಗಿಯರ ತಂಡ ಹೊರಗೆ ಹೊರಟರೆ ಜೊತೆಗೊಬ್ಬ ಶಿಕ್ಷಕಿ ಇರಲೇಬೇಕು. ಕನ್ನಡ ಪಾಠ ಮಾಡುವ ನನಗೆ ಆಟವೆಂದರೆ ಬಿಸಿಲು, ಧೂಳು, ತಲೆನೋವು. ಆದರೂ ಆ ಕೆಲಸ ನನ್ನ ಕೊರಳಿಗೇ ಬಿತ್ತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುವುದಾದರೆ, ಅವರ ಸೋಲುಗಳನ್ನು ಹೇಳುವುದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಅವರ ಪರಿಚಯವಾದದ್ದು ಬಸ್ಸಿನಲ್ಲಿ. ನನ್ನ ಮನೆ ಚಾಮರಾಜನಗರದಲ್ಲಿ. ಬೆಳಗಿನ ಗುಂಡ್ಲುಪೇಟೆ ಬಸ್ಸು ಸ್ಟ್ಯಾಂಡಿಗೆ ತಿರುಗುತ್ತಿದ್ದ ಹಾಗೆ ಕಿಟಕಿಗಳಿಂದ ಟವೆಲು, ಕರ್ಚೀಫು, ಬ್ಯಾಗು ಒಳಗೆ ಹಾರುತ್ತಿದ್ದವು. ಟವೆಲ್ ಬಿದ್ದ ಸೀಟು ಟವೆಲಿನವನದು. ಆಮೇಲೆ ಅವನು ನಿಧಾನಕ್ಕೆ ಟೀ ಕುಡಿದು ಬಂದರೂ ಯಾರೂ ಚಕಾರ ಎತ್ತುವುದಿಲ್ಲ. ಇದು ನಮ್ಮ ಕಡೆಯ ಅಲಿಖಿತ ಕಾನೂನು. ಮೇಷ್ಟ್ರು ಹತ್ತುತ್ತಿದ್ದದ್ದು ದಾರಿಯಲ್ಲಿ, ಉಡಿಗಾಲದಲ್ಲಿ. ಅಷ್ಟೊತ್ತಿಗೆ ಬಸ್ಸು ತುಂಬಿ, ಅವರ ಪಾಲಿಗೆ ಕಂಬಿಯೇ ಗತಿ. ಒಂದೇ ಶಾಲೆಯವರು, ವಯಸ್ಸಾದವರು ಅಂತ ನಾನೊಂದು ದಿನ ಪಕ್ಕದ ಸೀಟಿನಲ್ಲಿ ಟಿಫನ್ ಬ್ಯಾಗ್ ಇಟ್ಟು ಅವರಿಗೆ ಜಾಗ ಹಿಡಿದೆ. ದಾರಿಯುದ್ದಕ್ಕೂ ಕೇಳಿದವರಿಗೆಲ್ಲ ‘ಬರ್ತಾರೆ, ಬರ್ತಾರೆ’ ಅಂತ ಸುಳ್ಳುಮುಖ ಮಾಡಿಕೊಂಡು ಕೂತೆ. ಉಡಿಗಾಲದಲ್ಲಿ ಹತ್ತಿದವರು ಬ್ಯಾಗನ್ನು ನೋಡಿದರು, ನನ್ನನ್ನು ನೋಡಿದರು, ಬ್ಯಾಗೆತ್ತಿ ನನ್ನ ತೊಡೆಯ ಮೇಲಿಟ್ಟರು. ಕಂಬಿ ಹಿಡಿದು ನಿಂತಿದ್ದ ಹಣ್ಣುಹಣ್ಣು ಮುದುಕಿಯೊಬ್ಬಳನ್ನು ಕೂರಿಸಿದರು.

“ನಿಮಗೇ ಅಂತ ಇಟ್ಟಿದ್ದೆ ಸರ್” ಎಂದೆ, ಸ್ವಲ್ಪ ಖಾರವಾಗಿಯೇ.

“ಗೊತ್ತಾಯ್ತು ಮೇಡಂ. ಇವ್ವ ಅಲ್ಲಿಂದ ನಿಂತ್ಕ ಬಂದವಳ. ನಾ ಈಗ ಅತ್ತಿದೀನಿ. ಟವಲ್ ಆಕಿದ್ ಸೀಟ್ನಲ್ಲಿ ಕುಂತ್ರ ನಂಗ ಕೆಳಗ ಮುಳ್ಳು ಚುಚ್ದಂಗಾಯ್ತದ” ಎಂದರು.

ಮುದುಕಿ ನಗುತ್ತಾ ನನ್ನ ಕಡೆ ಎಲೆಯಡಿಕೆ ಚಾಚಿದಳು. ಆವತ್ತಿನಿಂದ ನಾನು ಅವರಿಗೆ ಸೀಟು ಹಿಡಿಯಲಿಲ್ಲ. ನಿಂತುಕೊಂಡೇ ಬರಲಿ ಅಂದುಕೊಂಡೆ.

ಬರುತ್ತಿದ್ದರು. ಒಂದು ಕೈ ಕಂಬಿಗೆ, ಇನ್ನೊಂದು ಕೈಯಲ್ಲಿ ಮೊಬೈಲು. ಅದರಲ್ಲಿ ಯಾವುದೋ ದೂರದೇಶದ ರಗ್ಬಿ ಸೆವೆನ್ಸ್. ಇಸ್ತ್ರಿ ಮಾಡಿದ ಶರ್ಟನ್ನು ಟ್ರ್ಯಾಕ್ ಪ್ಯಾಂಟಿನೊಳಗೆ ಸೇರಿಸಿ, ಬೆಲ್ಟ್ ಹಾಕಲು ಜಾಗವಿಲ್ಲದ್ದರಿಂದ ಅದನ್ನು ಆಗಾಗ ಎಳೆದುಕೊಳ್ಳುತ್ತಾ, ಆಟ ಬಿಗಿಯಾದಾಗ ಕಂಡಕ್ಟರನ ಹೆಗಲನ್ನೇ ಹಿಡಿದುಕೊಳ್ಳುತ್ತಿದ್ದರು. ಆ ಆಟದ ಅಆಇಈಯನ್ನು ನಾನು ಅವರ ಬಾಯಿಂದಲೇ ಕಲಿತದ್ದು. ಕಡೆಗೆ ಏಳು ಜನ, ಅರ್ಧಕ್ಕೆ ಏಳು ನಿಮಿಷ. ಚೆಂಡು ಕೋಳಿಮೊಟ್ಟೆಯ ಆಕಾರ. ಕೈಯಿಂದ ಹಿಂದಕ್ಕೋ ಪಕ್ಕಕ್ಕೋ ಮಾತ್ರ ಎಸೆಯಬಹುದು, ಆದರೆ ತಂಡ ಮುಂದಕ್ಕೆ ಹೋಗಬೇಕು. ಎದುರಾಳಿಯ ಗೆರೆ ದಾಟಿದರಷ್ಟೇ ಸಾಲದು; ಚೆಂಡನ್ನು ನೆಲಕ್ಕೆ ಒತ್ತಬೇಕು. ಒತ್ತಿದರೆ ಐದು ಅಂಕ.

ವಿಚಿತ್ರವೆಂದರೆ ಅವರು ಫೈನಲ್ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದೆಲ್ಲ ತಳದಲ್ಲಿರುವವರ ಪಂದ್ಯ.

“ಕಪ್ ಯಾರ್ ಗೆದ್ರೇನ್ ಮೇಡಂ? ಸೋತೋರೂ ಬರೋ ವರ್ಷ ಅಲ್ಲೇ ಇರ್ತರ. ಇದ ನೋಡಿ. ಇದ್ರಲ್ಲಿ ಸೋತೋರು ಮುಂದ್ಕ ಈ ಆಟದಲ್ಲೇ ಇರಲ್ಲ.”

ಹೀಗೆ ಶುರುವಾದ ಪಾಠ ತೆರಕಣಾಂಬಿ ದಾಟಿದರೂ ಮುಗಿಯುತ್ತಿರಲಿಲ್ಲ. ಬಸ್ಸೇ ಅವರ ಕರಿಹಲಗೆ. ಸೀಟಿನಲ್ಲಿ ಕೂತವರು ಮೇಲಿನ ದರ್ಜೆಯ ದೇಶಗಳು, ವರ್ಷವಿಡೀ ಊರೂರು ಸುತ್ತಿ ಆಡುವವರು. ಕಂಬಿ ಹಿಡಿದು ನಿಂತವರು ಎರಡನೆಯ ದರ್ಜೆ. ವರ್ಷದ ಕೊನೆಯಲ್ಲಿ ಹಿಂದಿನ ಸೀಟಿನವರು ಎದ್ದು, ನಿಂತವರ ಪೈಕಿ ಗಟ್ಟಿಗರೊಂದಿಗೆ ಆಡಬೇಕು. ಗೆದ್ದವರು ಕೂರುತ್ತಾರೆ, ಸೋತವರು ಕಂಬಿ ಹಿಡಿಯುತ್ತಾರೆ. ನಿಲ್ಲುವುದಕ್ಕೂ ಜಾಗ ಸಿಗದವರು ಕೆಳಗೆ ಸ್ಟ್ಯಾಂಡಿನಲ್ಲಿದ್ದಾರೆ. ಅವರು ತಂತಮ್ಮ ಖಂಡದಲ್ಲಿ ಮೊದಲು ಗೆದ್ದು ಬರಬೇಕು. ನಮ್ಮ ದೇಶದ ಹುಡುಗಿಯರು ಇನ್ನೂ ಆ ಏಷ್ಯಾದ ಮೆಟ್ಟಿಲಿನಲ್ಲೇ ನೂಕಾಡುತ್ತಿದ್ದಾರೆ ಅಂತ ಹೇಳುವಾಗ ಅವರ ದನಿಯಲ್ಲಿ ಬೇಸರವಿರುತ್ತಿರಲಿಲ್ಲ, ಬಾಗಿಲ ಹತ್ತಿರವಾದರೂ ಬಂದಿದ್ದಾರಲ್ಲ ಎಂಬ ಗತ್ತಿತ್ತು.

“ನೋಡಿ, ಅಲ್ಲಿ ಟವಲ್ ಇಲ್ಲ. ಓದ್ ವರ್ಸ ಕುಂತಿದ್ದೆ ಅಂತ ಈ ವರ್ಸ ಕುಂತ್ಕಳಂಗಿಲ್ಲ. ಅದ್ಕೇ ನಂಗ ಈ ಆಟ ಇಷ್ಟ.”

ಕೆನ್ಯಾ ದೇಶದ ಗಂಡಸರ ತಂಡವನ್ನಂತೂ ‘ನಮ್ಮ ಕೆನ್ಯಾ’ ಎಂದೇ ಕರೆಯುತ್ತಿದ್ದರು, ಪಕ್ಕದ ಊರಿಗೆ ಹೆಣ್ಣು ಕೊಟ್ಟವರ ಹಾಗೆ. ಆ ತಂಡ ಮೇಲಿನ ದರ್ಜೆಯಿಂದ ಬಿದ್ದ ದಿನ ಬಸ್ಸಿನಲ್ಲಿ ಮೊಬೈಲನ್ನು ಜೇಬಿನಿಂದ ತೆಗೆಯಲೇ ಇಲ್ಲ. ಮರುವರ್ಷ ಅದು ಕೆಳಗಿನವರೊಂದಿಗೆ ಗುದ್ದಾಡಿ ಮೇಲೆ ಬಂದಾಗ ಕಂಡಕ್ಟರನಿಂದ ಹಿಡಿದು ಹಿಂದಿನ ಸೀಟಿನ ಬಾಳೆಕಾಯಿ ವ್ಯಾಪಾರಿಯವರೆಗೂ ಸಿಹಿ ಹಂಚಿದರು. ಯಾಕೆ ಸಿಹಿ ಅಂತ ಕೇಳಿದವರಿಗೆ “ನಮ್ಮೋರು ಎದ್ ಬಂದ್ರು” ಅಂದರು. ಮೇಲಿನ ದರ್ಜೆಯಲ್ಲಿ ತಂಡಗಳ ಸಂಖ್ಯೆಯನ್ನೇ ಇಳಿಸುತ್ತಾರೆ ಎಂಬ ಸುದ್ದಿ ಬಂದಾಗ ಮಾತ್ರ ಕೆಂಡಾಮಂಡಲ. “ನಿಂತೋರು ಜಾಸ್ತಿ ಆದ್ರು ಅಂತ ಸೀಟ್ನೇ ಕಿತ್ತಾಕದಾ ಮೇಡಂ? ಯಾವ್ ನ್ಯಾಯ ಇದು?” ಎಂದು ನನ್ನ ಮೇಲೇ ರೇಗಿದರು, ಆ ತೀರ್ಮಾನ ನಾನೇ ಮಾಡಿದ ಹಾಗೆ.

ಈ ಹುಚ್ಚನ್ನು ಅವರು ಶಾಲೆಯ ಅಂಗಳಕ್ಕೂ ತಂದರು. ಪ್ರಾಯದಲ್ಲಿ ಅವರು ಕಬಡ್ಡಿ ಆಡುತ್ತಿದ್ದವರು, ನಮ್ಮ ಹುಡುಗಿಯರೂ ಕಬಡ್ಡಿಯವರೇ. ಅಲ್ಲೂ ಏಳು ಜನ, ಇಲ್ಲೂ ಏಳು ಜನ, ಇನ್ನೇನು ಅಂದುಕೊಂಡು ಶುರು ಮಾಡಿದರು. ಹಿಡಿಯುವುದರಲ್ಲಿ ನಮ್ಮ ಹುಡುಗಿಯರನ್ನು ಮೀರಿಸುವವರಿರಲಿಲ್ಲ. ತಾಪತ್ರಯ ಇದ್ದದ್ದು ಬಿಡುವುದರಲ್ಲಿ. ಕಬಡ್ಡಿಯಲ್ಲಿ ಹಿಡಿದ ಕಾಲನ್ನು ಜೀವ ಹೋದರೂ ಬಿಡಬಾರದು. ರಗ್ಬಿಯಲ್ಲಿ ಕೆಡವಿದ ತಕ್ಷಣ ಬಿಡಬೇಕು, ಇಲ್ಲದಿದ್ದರೆ ತಪ್ಪು. ನಮ್ಮವರು ಎದುರಾಳಿಯನ್ನು ಕೆಡವಿ, ಮೇಲೆ ಬಿದ್ದು, ಸೊಂಟ ತಬ್ಬಿಕೊಂಡು ವಿಷಲ್ಲಿಗೆ ಕಾಯುತ್ತಿದ್ದರು. ವಿಷಲ್ ಬರುತ್ತಿತ್ತು, ನಮ್ಮ ವಿರುದ್ಧ. ಮೇಷ್ಟ್ರು ಗಂಟಲು ಹರಿದುಕೊಳ್ಳುತ್ತಿದ್ದರು: “ಬುಡಮ್ಮಿ! ಬುಡು ಅವಳ್ನ! ಎದ್ದು ಚೆಂಡು ನೋಡು!”

ಹಂಗಳದ ಮಾದೇವಿಯದು ಇನ್ನೊಂದು ಕಥೆ. ಅವಳಷ್ಟು ಓಡುವವಳು ತಂಡದಲ್ಲಿರಲಿಲ್ಲ. ಆದರೆ ಚೆಂಡು ಸಿಕ್ಕ ಕೂಡಲೇ ಕಬಡ್ಡಿಯ ಅಭ್ಯಾಸಕ್ಕೆ ಉಸಿರು ಕಟ್ಟಿಕೊಂಡು ಓಡುತ್ತಿದ್ದಳು. ಅರ್ಧ ದಾರಿಗೇ ಮುಖ ಕೆಂಪಾಗಿ ಏದುಸಿರು. “ಉಸ್ರು ಬುಡೇ, ಇಲ್ಲಿ ಯಾರೂ ಉಸ್ರು ಕೇಳಲ್ಲ. ಓಗು, ಒತ್ತು, ಆಮೇಲ ಕುಣ್ಕ” ಎನ್ನುವುದು ಅವಳಿಗೆಂದೇ ಹುಟ್ಟಿದ ಮಾತು. ಆಮೇಲೆ ಅದೇ ಇಡೀ ತಂಡದ ಮಂತ್ರವಾಯಿತು.

ಹಂಗಳದ ಕೆಲವು ಹಿರಿಯರು, ಹೆಣ್ಣುಮಕ್ಕಳು ಚಡ್ಡಿ ಹಾಕಿಕೊಂಡು ಮಣ್ಣಲ್ಲಿ ಹೊರಳಾಡುವುದು ಚೆನ್ನಾಗಿಲ್ಲ ಅಂತ ತಕರಾರು ತೆಗೆದಾಗ ಮೇಷ್ಟ್ರು ನನ್ನನ್ನೂ ಸ್ಕೂಟರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದರು. ಒಳ್ಳೆಯ ಮಾತಿನಲ್ಲಿ ಒಪ್ಪಿಸುತ್ತಾರೆ ಅಂದುಕೊಂಡಿದ್ದೆ. ಅರಳಿಕಟ್ಟೆಯ ಮೇಲೆ ಕೂತವರ ಎದುರಿಗೆ ನಿಂತು ಹೇಳಿದ್ದು ಇಷ್ಟೇ: “ಅರಿಸಿನದ ಹೊಲದಲ್ಲಿ ಕಳೆ ಕೀಳವಾಗ ಸೀರ ಮೊಣಕಾಲ್ಗಂಟ ಎತ್ತಿ ಕಟ್ತರಲ್ಲ, ಆಗ ಯಾರ್ ಕಣ್ಣೂ ಉರಿಯಲ್ವಾ? ಕೂಲಿ ಮಾಡವಾಗ ಕಾಣದೋದ ಕಾಲು ಆಟ ಆಡವಾಗ ಎಂಗ ಕಾಣ್ತದ?” ನಾನು ಏಟು ಬೀಳುತ್ತದೆಂದು ಸ್ಕೂಟರಿನ ಕಡೆ ನೋಡಿಕೊಂಡೆ. ಏಟು ಬೀಳಲಿಲ್ಲ. ಮಾದೇವಿಯ ಅವ್ವ ಕಟ್ಟೆಯ ಹಿಂದಿನಿಂದ ಸೆರಗು ಬಾಯಿಗೊತ್ತಿಕೊಂಡು ನಕ್ಕಿದ್ದು ಕೇಳಿಸಿತು. ಮಾರನೆಯ ದಿನ ಹಂಗಳದ ಹುಡುಗಿಯರೆಲ್ಲ ಮೈದಾನಕ್ಕೆ ಬಂದರು.

ನಮ್ಮ ಲೀಗಿನಲ್ಲೂ ಎರಡು ದರ್ಜೆ, ದೊಡ್ಡವರದನ್ನೇ ನೋಡಿ ಮಾಡಿದ್ದು. ಮೇಲಿನ ದರ್ಜೆಯ ಕೊನೆಯ ತಂಡ ಕೆಳಗಿನ ದರ್ಜೆಯಲ್ಲಿ ಗೆದ್ದವರೊಂದಿಗೆ ಒಂದು ಪಂದ್ಯ ಆಡಬೇಕು. ಗೆದ್ದವರಿಗೆ ಮೇಲಿನ ಜಾಗ. ನಾವು ಹೇಗೋ ಮೇಲೆ ಹತ್ತಿದ್ದೆವು. ದೊಡ್ಡ ಊರುಗಳ ತಂಡಗಳ ಕೈಲಿ ವರ್ಷವಿಡೀ ಸೋತು ಕೊನೆಗೆ ಆ ಪಂದ್ಯಕ್ಕೆ ಬಂದು ನಿಂತೆವು. ಮೇಲಿನ ದರ್ಜೆಯಲ್ಲಿದ್ದವರನ್ನೇ ರಾಜ್ಯದ ಆಯ್ಕೆಗೆ ಕರೆಯುತ್ತಿದ್ದದ್ದು. ಹಾಗಾಗಿ ಅದು ಬರೀ ಹೆಮ್ಮೆಯ ಪ್ರಶ್ನೆಯಾಗಿರಲಿಲ್ಲ.

ಕೊನೆಯ ಗಳಿಗೆಯಲ್ಲಿ ನಾವು ಎರಡು ಅಂಕ ಹಿಂದೆ. ಸಮಯ ಮುಗಿದ ಹಾರ್ನ್ ಆಗಲೇ ಕೂಗಿತ್ತು. ಚೆಂಡು ಆಟದಲ್ಲಿರುವವರೆಗೆ ಮಾತ್ರ ಆಟ. ಚೆಂಡು ಮಾದೇವಿಗೆ ಸಿಕ್ಕಿತು. ಅವಳು ಓಡಿದ ಓಟವನ್ನು ಬರೆಯಲು ನನ್ನ ಕನ್ನಡ ಸಾಲದು. ಮೂವರನ್ನು ಹಿಂದೆ ಹಾಕಿ ಗೆರೆ ದಾಟಿದಳು. ನಾನು ಕುರ್ಚಿ ಬೀಳಿಸಿಕೊಂಡು ಎದ್ದೆ. ಮಾದೇವಿ ಗೆರೆಯಾಚೆ ನಿಂತಳು, ನಮ್ಮ ಕಡೆ ತಿರುಗಿದಳು, ಎರಡೂ ಕೈ ಮೇಲೆತ್ತಿದಳು. ಕಬಡ್ಡಿಯಲ್ಲಿ ಹಾಗೆಯೇ ತಾನೇ? ಗೆರೆ ಮುಟ್ಟಿದರೆ ಬದುಕಿದ ಹಾಗೆ. ಹಿಂದಿನಿಂದ ಬಂದ ಹುಡುಗಿ ಎತ್ತಿದ ಕೈಯಿಂದ ಚೆಂಡನ್ನು ತಟ್ಟಿದಳು. ಅದು ಪುಟಿಯುತ್ತಾ ಹೊರಗೆ ಹೋಯಿತು. ವಿಷಲ್ ಆಯಿತು. ನಾವು ಬಿದ್ದೆವು.

ಅಪ್ಪಅಮ್ಮಂದಿರು ಒಳಗೆ ನುಗ್ಗಿ, “ಗೆರೆ ದಾಟುದ್ಲಲ್ಲಾ, ಕಂಪ್ಲೇಂಟ್ ಮಾಡಿ ಸಾ” ಎಂದು ಗಲಾಟೆ ಎಬ್ಬಿಸಿದರು. ಮೇಷ್ಟ್ರು ಅವರನ್ನೆಲ್ಲ ಸರಿಸಿ ಮಾದೇವಿ ಕೂತಿದ್ದಲ್ಲಿಗೆ ಹೋದರು. ಬೈಯುತ್ತಾರೆ ಅಂತ ನಾನೂ ಹಿಂದೆಯೇ ಹೋದೆ.

“ದಾಟ್ದ್ಯಾ?”

“ದಾಟ್ದೆ ಸಾ” ಅಂದಳು ಬಿಕ್ಕುತ್ತಾ.

“ಒತ್ತುದ್ಯಾ?”

“ಇಲ್ಲ ಸಾ.”

“ಹಂಗಾದ್ರ ಸೋತೊ. ಅಷ್ಟೇ ಕಣಮ್ಮಿ. ಅತ್ಕ ಬುಡು ಒಸಿ ಹೊತ್ತು. ಆಮೇಲ ಎದ್ದು ಗೆದ್ದೋರ್ಗ ಕೈ ಕೊಟ್ ಬಾ.”

ಅವಳು ಅತ್ತು ಮುಗಿಸುವ ತನಕ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು.

ಒಂದೆರಡು ತಿಂಗಳಾದ ಮೇಲೆ ಸಮಿತಿಯಿಂದ ಫೋನು ಬಂತು. ಮೇಲಿನ ದರ್ಜೆಯ ಒಂದು ತಂಡ ಈ ವರ್ಷ ಆಡುತ್ತಿಲ್ಲ, ಜಾಗ ಖಾಲಿಯಿದೆ, ನೀವೇ ಇದ್ದುಬಿಡಿ ಅಂದರು. ಹೆಡ್‌ಮಾಸ್ಟರು ಕುಣಿದಾಡಿದರು. ನನಗೂ ಖುಷಿಯಾಯಿತು, ಮುಚ್ಚುಮರೆ ಯಾಕೆ? ಮಾದೇವಿಗೆ ವಯಸ್ಸಿನ ಮಿತಿಯ ಪ್ರಕಾರ ಅದೇ ಕೊನೆಯ ವರ್ಷ. ಮೇಲಿದ್ದರೆ ಆಯ್ಕೆಗೆ ಕರೆ ಬರುತ್ತದೆ. ಮೇಷ್ಟ್ರು ಮಾತ್ರ ಮುಖ ಗಂಟಿಕ್ಕಿಕೊಂಡು, “ಕೆಳಗಿನ ದರ್ಜೆಯಲ್ಲಿ ಎಷ್ಟೋ ತಂಡ ಆ ಜಾಗಕ್ಕ ಕಾಯ್ತಾವ. ಅವ್ರ್ಗೂ ಒಂದ್ ಪಂದ್ಯ ಇಡಿ, ನಾವೂ ಬತ್ತೀವಿ. ಸುಮ್ನ ಕುಂಡ್ರುಸ್ಬ್ಯಾಡಿ” ಎಂದು ಫೋನಿನಲ್ಲೇ ಜಗಳಕ್ಕೆ ನಿಂತರು. ಆ ಕಡೆಯವರು, ಪಂದ್ಯಗಿಂದ್ಯ ಏನಿಲ್ಲ, ಬೇಕಾದರೆ ತಗೊಳ್ಳಿ, ಬೇಡದಿದ್ದರೆ ಬಿಡಿ ಎಂದರು.

ಹುಡುಗಿಯರನ್ನು ಮೈದಾನದಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದರು, ಆಯ್ಕೆಯ ವಿಷಯವನ್ನೂ ಬಿಡದೆ. “ತಗಳದಾದ್ರ ತಗಳ್ಳಿ. ನಾ ಮುನಿಸ್ಕಳಲ್ಲ, ಜೊತೇಲಿ ಬತ್ತೀನಿ. ಆಡೋರ್ ನೀವು” ಅಂದರು. ನಾನು ಬಾಯಿ ಹಾಕಿ, ತಗೊಳ್ಳಿ, ದಡ್ಡಿಯರಾಗಬೇಡಿ ಅಂದೆ. ಕೆಲವರು ತಲೆಯಾಡಿಸಿದರು ಕೂಡ. ಮಾದೇವಿ ಹುಲ್ಲು ಕೀಳುತ್ತಾ ಕೂತಿದ್ದವಳು, “ನಮ್ನ ಸೋಲಿಸ್ದೋರ್ಗ ಎಂಗ್ ಮುಖ ತೋರ್ಸದು ಮಿಸ್? ನಾನ್ ಒತ್ತಿಲ್ವಲ್ಲ. ಆಡ್ಕಂಡೇ ಓಗನ” ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಆ ವರ್ಷ ಕೆಳಗಿನ ದರ್ಜೆಯನ್ನು ಗೆದ್ದೆವು. ಕೆಡವಿದ ಕೂಡಲೇ ಬಿಡುವುದನ್ನು ಹುಡುಗಿಯರು ಕಲಿತಿದ್ದರು. ಮಾದೇವಿ ಗೆರೆ ದಾಟಿದಾಗಲೆಲ್ಲ ಚೆಂಡಿನ ಮೇಲೆ ಎದೆಯಿಟ್ಟು ಮಲಗಿಬಿಡುತ್ತಿದ್ದಳು. ರೆಫ್ರಿ ಬಂದು ‘ಸಾಕು, ಏಳಮ್ಮಾ’ ಅನ್ನುವವರೆಗೆ ಏಳುತ್ತಿರಲಿಲ್ಲ. ಮೇಲೇರುವ ಪಂದ್ಯದಲ್ಲಿ ಅವಳು ಎರಡು ಸಲ ಒತ್ತಿದಳು. ಎದುರಾಳಿಗಳು ಮೂರು ಸಲ ಒತ್ತಿದರು. ಸೋತೆವು. ಮಾದೇವಿಯ ಲೀಗ್ ಅಲ್ಲಿಗೆ ಮುಗಿಯಿತು, ಆಯ್ಕೆಯ ಕರೆ ಬರಲೇ ಇಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. “ನಿಮ್ಮ ಹಠಕ್ಕೆ ಆ ಹುಡುಗಿಯ ವರ್ಷ ಹಾಳಾಯಿತು” ಎಂದು ನೇರವಾಗಿಯೇ ಅಂದೆ.

ಮೇಷ್ಟ್ರು ಕಂಬಿ ಹಿಡಿದು ನಿಂತಿದ್ದರು. ಹೊರಗಿನ ಚೆಂಡುಹೂವಿನ ಹೊಲಗಳನ್ನು ನೋಡುತ್ತಲೇ, “ಓಯ್ತು ಮೇಡಂ. ನಂಗೂ ಹೊಟ್ಟ ಉರೀತದ. ಇಲ್ಲ ಅನ್ನಲ್ಲ” ಅಂದರು. ಆಮೇಲೆ ಹಿಂದಿನ ಸೀಟಿನ ಕಡೆ ತಿರುಗಿ, “ಏನಮ್ಮಿ, ನಾಳ ಎಷ್ಟೊತ್ಗ ಬಂದೀರಿ ಮೈದಾನಕ್ಕ?” ಎಂದು ಕೂಗಿದರು. ಅತ್ತು ಊದಿದ ಮುಖಗಳೆಲ್ಲ ಒಟ್ಟಿಗೆ ಮೇಲೆದ್ದವು. ಅವರು ಮಾಡಿದ್ದು ಸರಿಯೋ ತಪ್ಪೋ ಅಂತ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಆದರೆ ಆ ಹೊತ್ತಿನಲ್ಲಿ ‘ನಾಳ ಎಷ್ಟೊತ್ಗ’ ಅಂತ ಕೇಳುವ ಧೈರ್ಯ ನನ್ನಲ್ಲಿ ಇರಲಿಲ್ಲ, ಅವರಲ್ಲಿತ್ತು.

ನಿವೃತ್ತರಾದ ಮೇಲೂ ಅವರು ಅದೇ ಬಸ್ಸಿಗೆ ಅದೇ ಉಡಿಗಾಲದಲ್ಲಿ ಹತ್ತುತ್ತಿದ್ದರು. ಸಂಬಳವಿಲ್ಲದೆ ಯಾಕೆ ಈ ಪಾಡು ಅಂತ ಕಂಡಕ್ಟರು ಕೇಳಿದರೆ, “ನಮ್ ಹುಡ್ಗೀರು ಇನ್ನೂ ನಿಂತ್ಕಂಡೇ ಅವ್ರಲ್ಲಪ್ಪಾ” ಎನ್ನುತ್ತಿದ್ದರು. ಹೋದ ತಿಂಗಳು ಒಂದು ಬೆಳಗ್ಗೆ ಬಸ್ಸು ಉಡಿಗಾಲದಲ್ಲಿ ನಿಂತಿತು, ಅವರು ಹತ್ತಲಿಲ್ಲ. ಕಂಡಕ್ಟರ್ ವಿಷಲ್ ಹೊಡೆಯದೆ ಕಾದ. ಆಮೇಲೆ ಸುದ್ದಿ ಬಂತು, ನಿದ್ದೆಯಲ್ಲೇ ಎದೆಬಡಿತ ನಿಂತಿತ್ತು. ನಾನು ಮುಖ ಮುಚ್ಚಿಕೊಂಡು ಅತ್ತೆ. ನನಗೆ ಅಷ್ಟು ಸಿಟ್ಟು ಬರಿಸಿದವರು, ಅಷ್ಟು ನಗಿಸಿದವರು ಆ ಶಾಲೆಯಲ್ಲಿ ಇನ್ನೊಬ್ಬರಿರಲಿಲ್ಲ.

ಅಂಥವರ ಹೆಸರಿನಲ್ಲಿ ಪುಕ್ಕಟೆ ಜಾಗ! ಸಭೆಯಲ್ಲಿ ನನಗೆ ಉರಿದದ್ದು ಅದಕ್ಕೆ. ಎದ್ದು ಹೇಳೋಣವೆಂದರೆ ನಾನು ಆಡುವವಳಲ್ಲ. ಈಗಿನ ತಂಡದ ಹುಡುಗಿಯರು ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದರು, ಅವರ ಪಕ್ಕದಲ್ಲಿ ಮಾದೇವಿ. ಈಗ ಅವಳು ಮೈಸೂರಿನಲ್ಲಿ ದೈಹಿಕ ಶಿಕ್ಷಣ ಓದುತ್ತಾಳೆ, ಭಾನುವಾರ ಬಂದು ಇವರಿಗೆ ಹೇಳಿಕೊಡುತ್ತಾಳೆ. ಪದಾಧಿಕಾರಿಗಳು ಮೈಕು ಕೆಳಗಿಟ್ಟ ಮೇಲೆ ಹುಡುಗಿಯರು ಒಬ್ಬರ ಕಿವಿಯಲ್ಲೊಬ್ಬರು ಏನೋ ಹೇಳಿಕೊಂಡರು. ಒಬ್ಬೊಬ್ಬರಾಗಿ ತಲೆಯಾಡಿಸಿದರು. ಯಾರೋ ಮಾದೇವಿಯ ಬೆನ್ನಿಗೆ ಗುದ್ದಿದರು. ಅವಳು ಎದ್ದು ನಿಂತಳು.

“ಸಾ, ನಿಮ್ಮ ಪ್ರೀತಿ ದೊಡ್ಡುದು. ಆದ್ರ ನಮ್ ಹುಡ್ಗೀರು ಬ್ಯಾಡ ಅಂತವರ.”

ಹೆಡ್‌ಮಾಸ್ಟರು ಸುಮ್ಮನಿರು ಅಂತ ಕೈಸನ್ನೆ ಮಾಡಿದರು. ಅವಳು ಅತ್ತ ನೋಡಲಿಲ್ಲ.

“ಟವಲ್ ಆಕಿದ್ ಸೀಟ್ನಲ್ಲಿ ನಮ್ ಮೇಷ್ಟ್ರು ಒಂದಿನಾನೂ ಕೂರ್ನಿಲ್ಲ. ಅವ್ರ ಹೆಸ್ರಲ್ಲಿ ನಾವೂ ಕೂರಲ್ಲ. ಕೆಳಗಿಂದ್ಲೇ ಆಡ್ಕಂಡ್ ಬತ್ತೀವಿ. ಆವತ್ತು ಆ ಸೀಟ್ನಲ್ಲಿ ಯಾರ್ ಕುಂತಿರ್ತರೋ, ಅವ್ರು ಎದ್ದು ಕೊಡ್ಬೇಕಾಯ್ತದ.”

ಪದಾಧಿಕಾರಿಗಳು ಹೆಡ್‌ಮಾಸ್ಟರ ಮುಖ ನೋಡಿದರು, ಹೆಡ್‌ಮಾಸ್ಟರು ಮೇಷ್ಟ್ರ ಫೋಟೋ ನೋಡಿದರು. ಅದರಲ್ಲೂ ಅದೇ ಇಸ್ತ್ರಿ ಮಾಡಿದ ಶರ್ಟು. ಶ್ರದ್ಧಾಂಜಲಿಯಲ್ಲಿ ಚಪ್ಪಾಳೆ ತಟ್ಟಬಾರದು ಎನ್ನುವವಳು ನಾನು. ಆದರೂ ಎದ್ದು ನಿಂತು, ಒಬ್ಬಳೇ, ಕೈ ನೋಯುವ ಹಾಗೆ ತಟ್ಟಿದೆ.